ವೈಪರ್ ನೀರು

ರೇಡಿಯೇಟರಿನ ಬಾಯಿಂದ ನೊರೆ ಉಕ್ಕಿ ಬಂತು. ಕ್ಯಾನು ಬಗ್ಗಿಸಿದ್ದ ಮೆಕ್ಯಾನಿಕ್ ಹಾಗೇ ಕೈ ತಡೆದ. ಬಟ್ಟೆ ನೆನೆಸಿದ ಬಕೆಟ್ಟಿನಲ್ಲಿ ಏಳುವಂಥ ಬಿಳಿ ನೊರೆ ವ್ಯಾನಿನ ಇಂಜಿನ್ನಿನ ಮೇಲೆ ಇಳಿದು ಕೆಳಗೆ ತೊಟ್ಟಿಕ್ಕತೊಡಗಿತು.

"ಏನೇ ಇದು?" ಅಂದ.

ಸ್ಪಾನರುಗಳನ್ನು ಒರೆಸಿಡುತ್ತಿದ್ದ ಅವನ ಹೆಂಡತಿ ಬಂದು ನೋಡಿದಳು. "ಕೆಳಗಿನ ಹಲಗೆಯಿಂದ ತಾನೇ ತಗೊಂಡಿದ್ದು?"

"ಕೆಳಗಿಂದೇ. ಹದಿನಾಲ್ಕು ವರ್ಷದಿಂದ ಅಲ್ಲಿಂದೇ ತಗೋತಿದೀನಿ."

ಆ ಗ್ಯಾರೇಜಿನಲ್ಲಿ ಯಾವ ಕ್ಯಾನಿನ ಮೇಲೂ ಹೆಸರಿರಲಿಲ್ಲ. ಡ್ರಮ್ಮಿನಲ್ಲಿ ತಂದದ್ದನ್ನು ಒಂದೇ ಥರದ ಬಿಳಿ ಕ್ಯಾನುಗಳಿಗೆ ತುಂಬಿಡುವುದು ಮೆಕ್ಯಾನಿಕ್ಕಿನ ರೂಢಿ. ಗುರುತು ಎಂದರೆ ಜಾಗ ಮಾತ್ರ. ಮೇಲಿನ ಹಲಗೆಯದು ಗಾಡಿಯ ಮುಖಕ್ಕೆ, ಅಂದರೆ ಮುಂದಿನ ಗಾಜಿಗೆ ಚಿಮ್ಮಿಸಿ ವೈಪರಿನಿಂದ ಒರೆಸುವ ಸೋಪಿನ ನೀರು. ಕೆಳಗಿನದು ಗಾಡಿಯ ಹೊಟ್ಟೆಗೆ, ಅಂದರೆ ಇಂಜಿನ್ ಕಾಯದಂತೆ ರೇಡಿಯೇಟರಿಗೆ ಸುರಿಯುವ ಕೂಲೆಂಟ್. ಎರಡರ ಬಣ್ಣವೂ ತಿಳಿ ನೀಲಿ. ನಿನ್ನೆ ಸಂಜೆ ಅವಳು ಹಲಗೆಗಳ ಜಿಡ್ಡು ತೊಳೆದು, ಕ್ಯಾನುಗಳನ್ನು ಒರೆಸಿ, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಕಡೆ ಇಟ್ಟಿದ್ದಳು.

"ಬೆಳಿಗ್ಗೆ ಮೇಷ್ಟ್ರ ಗಾಡಿಗೆ ವೈಪರ್ ನೀರು ಹಾಕಿದ್ದು?" ಮೆಕ್ಯಾನಿಕ್ಕಿನ ದನಿ ತಗ್ಗಿತ್ತು.

"ನಾನೇ. ನೀವೇ ಹೇಳಿದ್ರಲ್ಲ, ಇವತ್ತಿಂದ ಸಣ್ಣಪುಟ್ಟದ್ದು ನೀನೇ ನೋಡ್ಕೋ ಅಂತ."

"ಯಾವುದರಿಂದ?"

ಅವಳು ಮೇಲಿನ ಹಲಗೆಯ ಕಡೆ ನೋಡಿದಳು. ಅಂದರೆ ಮೇಷ್ಟ್ರ ಗಾಡಿಯ ವೈಪರ್ ನೀರಿನ ಡಬ್ಬಿಗೆ ಹೋದದ್ದು ಕೂಲೆಂಟ್.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಒಂದು ಪಾಠ ಕಡ್ಡಾಯ. ಮೂರನೇ ದಿನ, ಮೈದಾನದಲ್ಲಿ ಇಪ್ಪತ್ತು ನಿಮಿಷ ಸುತ್ತಿಸಿ, ಕಲಿಯುವವರನ್ನು ಸೀದಾ ಹೊಳೆಯ ಸೇತುವೆಗೆ ಕರೆದೊಯ್ಯುತ್ತಾರೆ. ಎದುರಿಗೆ ಬೆಳಗಿನ ಬಿಸಿಲು. ನಡುಸೇತುವೆಯಲ್ಲಿ, ಗಾಡಿ ಓಡುತ್ತಿರುವಾಗಲೇ, "ನೀರು ಹೊಡೀರಿ, ವೈಪರ್ ಹಾಕಿ, ಕೈ ಅಲುಗಬಾರದು" ಅನ್ನುತ್ತಾರೆ. ಗಾಜು ಒಂದು ಕ್ಷಣ ಮಸುಕಾದರೆ ಗಾಬರಿ ಬೀಳಬಾರದು ಎಂಬುದಕ್ಕೆ ಈ ಅಭ್ಯಾಸ. ಅವಳೂ ಮೇಷ್ಟ್ರ ಕೈಯಲ್ಲೇ ಕಲಿತವಳು. ಅವತ್ತು ವೈಪರ್ ಎರಡು ಸಲ ಆಡುವಷ್ಟರಲ್ಲಿ ಗಾಜು ಸ್ವಚ್ಛವಾಗಿತ್ತು. ಆ ಎರಡು ಸಲದ ಹೊತ್ತು ಎಷ್ಟು ಉದ್ದವಿತ್ತೆಂಬುದು ಅವಳಿಗಿನ್ನೂ ನೆನಪಿದೆ. ಕೂಲೆಂಟ್ ಹಾಗಲ್ಲ. ಗಾಜಿಗೆ ಬಿದ್ದರೆ ಎಣ್ಣೆಯಂತೆ ಹರಡಿ, ವೈಪರ್ ಆಡಿದಷ್ಟೂ ಬಳಿದುಕೊಳ್ಳುತ್ತದೆ.

ಇವತ್ತು ಮೂರನೇ ದಿನದ ಪಾಠ ಟೈಲರಕ್ಕನದು. ಐವತ್ತು ದಾಟಿದವಳು. ಬೆಳಿಗ್ಗೆ ಹೊರಡುವಾಗ, "ಮೂವತ್ತು ವರ್ಷ ಮಿಷನ್ ತುಳಿದ ಕಾಲು ಕಣೇ ಇದು, ಕ್ಲಚ್ಚೇನು ಮಹಾ" ಅಂದು ನಗಿಸಿದ್ದಳು.

ಮೆಕ್ಯಾನಿಕ್ ಮೇಷ್ಟ್ರಿಗೆ ಫೋನ್ ಹಚ್ಚಿದ. ಸ್ವಿಚ್ ಆಫ್. ಪಾಠದ ಹೊತ್ತಿನಲ್ಲಿ ಅವರ ಫೋನ್ ಯಾವತ್ತೂ ಆಫ್.

"ಅವರ ಕಾಲಡಿ ಇನ್ನೊಂದು ಬ್ರೇಕ್ ಇದೆ ಬಿಡು, ನಿಲ್ಲಿಸ್ಕೋತಾರೆ," ಅಂದ. ತನಗೇ ಹೇಳಿಕೊಂಡಂತಿತ್ತು.

"ಹಿಂದೆ ಬರೋ ಲಾರಿಯವನಿಗೆ ಅದು ಗೊತ್ತಿರುತ್ತಾ?"

ಅವಳು ಆಗಲೇ ಸ್ಕೂಟರಿನ ಕೀಲಿ ಹಿಡಿದಿದ್ದಳು. ಗೋಡೆಯ ಗಡಿಯಾರದಲ್ಲಿ ಏಳೂ ಇಪ್ಪತ್ತು. ಅವರು ಹೋಗಿ ಕಾಲು ಗಂಟೆ ಆಗಿತ್ತು.

"ಇಲ್ಲಿ ಕೇಳು," ಅವನು ಬಾಗಿಲ ತನಕ ಬಂದ. "ತಪ್ಪು ಹಾಕಿದೀವಿ ಅಂತ ಬಾಯಿ ಬಿಡಬೇಡ. ಪೈಪ್ ಲೂಸ್ ಇತ್ತು, ಬಿಗಿ ಮಾಡಬೇಕು ಅಂತ ಹೇಳಿ ಕರ್ಕೊಂಡು ಬಾ. ಅವರ ಆರು ಗಾಡಿ ನಮ್ಮನ್ನ ನಂಬ್ಕೊಂಡಿವೆ. ನಾನು ಈ ವ್ಯಾನಿಗೆ ಚಕ್ರ ಹಾಕಿ ಜಾಕ್ ಇಳಿಸಿ ಹಿಂದೆನೇ ಬರ್ತೀನಿ."

ಮೈದಾನ ಖಾಲಿ. ಮಣ್ಣಿನಲ್ಲಿ ಟಯರಿನ ಸುತ್ತುಗಳು ಮಾತ್ರ ಇದ್ದವು. ಅವಳು ಸ್ಕೂಟರ್ ನಿಲ್ಲಿಸದೆ ತಿರುಗಿಸಿದಳು. ಮಾರುಕಟ್ಟೆ ದಾರಿ ಬಿಟ್ಟು ಶಾಲೆಯ ಹಿಂದಿನ ಸಂದಿಯಲ್ಲಿ ನುಗ್ಗಿದಳು. ಯಾರೋ, "ಕಣ್ಣು ಮನೇಲಿಟ್ಟು ಬಂದಿದೀಯೇನಮ್ಮ" ಅಂದದ್ದು ಕಿವಿಗೆ ಬಿತ್ತು. ಸಂದಿ ದಾಟಿ ದೊಡ್ಡ ರಸ್ತೆಗೆ ಬಂದಾಗ ಮುಂದೆ ಬಿಳಿ ಕಾರು ಕಂಡಿತು. ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಕೆಂಪು ಬೋರ್ಡು. ಸೇತುವೆಯ ಮೊದಲ ಕಂಬಕ್ಕೆ ಇನ್ನು ಹತ್ತು ಮಾರು ದೂರ. ಅವಳು ಹಾರ್ನ್ ಒತ್ತಿ ಹಿಡಿದು, ಬಲಗಡೆಯಿಂದ ಮುನ್ನುಗ್ಗಿ, ಕಾರಿನ ಮೂತಿಗೆ ಅಡ್ಡ ನಿಂತಳು.

ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ಟೈಲರಕ್ಕನ ಬಾಯಿ ತೆರೆದಿತ್ತು.

ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿದರು. "ಏನ್ ತಾಯಿ ಇದು? ಮೂರು ದಿನದಿಂದ ಧೈರ್ಯ ಹೇಳಿ ಕೂರಿಸಿದೀನಿ ಇವರನ್ನ, ನೀನು ಒಂದು ಗಳಿಗೇಲಿ ಇಳಿಸಿಬಿಟ್ಟೆ."

"ಪೈಪ್ ಲೂಸ್ ಇದೆ ಮೇಷ್ಟ್ರೇ. ವೈಪರ್ ನೀರಿಂದು. ಬಿಗಿ ಮಾಡಬೇಕು ಅಂತ..."

"ಅಷ್ಟೇನಾ?" ಮೇಷ್ಟ್ರು ಕೈ ಬೀಸಿದರು. "ಸೋರಿದರೆ ನೀರು ತಾನೇ, ವಾಪಸ್ ಬರುವಾಗ ನೋಡಿದರಾಯ್ತು. ಸ್ಕೂಟರ್ ತೆಗಿ. ಅಕ್ಕ, ಫಸ್ಟ್ ಗೇರ್ ಹಾಕಿ. ಸೇತುವೆ ಮೇಲೆ ನಾನು ಹೇಳಿದ ತಕ್ಷಣ ನೀರು ಹೊಡೀಬೇಕು, ನೆನಪಿದೆ ತಾನೇ?"

ಹಿಂದಿನಿಂದ ಜಲ್ಲಿ ತುಂಬಿದ ಲಾರಿ ಬಂದು, ಬೈದು, ಬಳಸಿಕೊಂಡು ಹೋಯಿತು. ಟೈಲರಕ್ಕ ಗೇರ್ ಹಾಕಿದಳು. ಮೆಕ್ಯಾನಿಕ್ಕಿನ ಹೆಂಡತಿ ಸ್ಕೂಟರ್ ತೆಗೆಯಲಿಲ್ಲ. ಇಳಿದು ಬಂದು ಕಾರಿನ ಬಾನೆಟ್ಟಿನ ಮೇಲೆ ಎರಡೂ ಕೈ ಊರಿದಳು.

"ಪೈಪ್ ಅಲ್ಲ ಮೇಷ್ಟ್ರೇ. ನೀರೂ ಅಲ್ಲ. ನಾನು ಕೂಲೆಂಟ್ ಸುರಿದುಬಿಟ್ಟಿದೀನಿ."

ಮೇಷ್ಟ್ರು ಅವಳ ಮುಖ ನೋಡಿದರು. ಆಮೇಲೆ ಟೈಲರಕ್ಕನ ಮುಂದಕ್ಕೆ ಕೈ ಚಾಚಿ, ಸ್ಟೇರಿಂಗ್ ಪಕ್ಕದ ಕಡ್ಡಿ ಎಳೆದರು. ನೀಲಿ ಎಳೆಗಳೆರಡು ಚಿಮ್ಮಿ ಗಾಜಿಗೆ ಬಿದ್ದವು. ವೈಪರ್ ಒಮ್ಮೆ ಆಡಿತು, ಇನ್ನೊಮ್ಮೆ, ಮತ್ತೊಮ್ಮೆ. ಬಿಸಿಲು ಆ ಜಿಡ್ಡಿನ ಮೇಲೆ ಹೊತ್ತಿಕೊಂಡಂತೆ ಹರಡಿತು. ಒಳಗಿನವರಿಗೆ ಸೇತುವೆ ಇಲ್ಲ, ಕಂಬಿಗಳಿಲ್ಲ, ಎದುರು ನಿಂತವಳೂ ಇಲ್ಲ.

"ನಂಗೇನೂ ಕಾಣ್ತಿಲ್ಲ," ಟೈಲರಕ್ಕ ಸಣ್ಣ ದನಿಯಲ್ಲಿ ಅಂದಳು. "ಮೇಷ್ಟ್ರೇ, ನನ್ನ ಕಣ್ಣಾ, ಗಾಜಾ?"

"ಗಾಜು," ಅಂದರು ಮೇಷ್ಟ್ರು. ಇಂಜಿನ್ ಆಫ್ ಮಾಡಿಸಿ ಕೆಳಗಿಳಿದರು.

ಕಾರನ್ನು ರಸ್ತೆಯ ಅಂಚಿಗೆ ತಳ್ಳಿದರು. ಮೆಕ್ಯಾನಿಕ್ಕಿನ ಹೆಂಡತಿ ಸೀಟಿನ ಕೆಳಗಿದ್ದ ಬಟ್ಟೆಯಿಂದ ಗಾಜು ತಿಕ್ಕತೊಡಗಿದಳು. ಬಟ್ಟೆ ತೊಯ್ದು ಬೆರಳೆಲ್ಲ ಜಾರತೊಡಗಿದವು. ಅಷ್ಟರಲ್ಲಿ ಮೆಕ್ಯಾನಿಕ್ ಬೈಕಿನಲ್ಲಿ ಬಂದ. ಟ್ಯಾಂಕಿನ ಮೇಲೆ ಬಿಳಿ ಕ್ಯಾನು. ಹೆಂಡತಿಯ ಮುಖ, ಮೇಷ್ಟ್ರ ಮುಖ ನೋಡಿದವನೇ ಪೈಪಿನ ಮಾತು ಎತ್ತಲಿಲ್ಲ. ಬಾನೆಟ್ ಎತ್ತಿ ಬಗ್ಗಿ, ವೈಪರ್ ನೀರಿನ ಡಬ್ಬಿಯ ಪೈಪ್ ಕಿತ್ತು, ಇದ್ದದ್ದನ್ನೆಲ್ಲ ಖಾಲಿ ಬಾಟಲಿಗೆ ಇಳಿಸಿದ. ಎರಡು ಸಲ ಬರೀ ನೀರು ಹಾಯಿಸಿ ತೊಳೆದ. ಆಮೇಲೆ ಕ್ಯಾನಿನ ಮುಚ್ಚಳ ತಿರುವಿದ.

"ಇದು ಸರಿಯಾದ್ದೇ ಮೇಷ್ಟ್ರೇ. ನಾನೇ ನೋಡಿ ತಂದಿದೀನಿ."

"ನೀನು ಸ್ವಲ್ಪ ಇರಪ್ಪ," ಅಂದರು ಮೇಷ್ಟ್ರು. "ಆಕೆ ನೋಡಲಿ."

ಮೆಕ್ಯಾನಿಕ್ಕಿನ ಕೈ ಅಲ್ಲೇ ನಿಂತಿತು. ಆಮೇಲೆ ಕ್ಯಾನನ್ನು ಹೆಂಡತಿಯ ಕಡೆ ಬಗ್ಗಿಸಿದ. ಅವಳು ಬೆರಳುಗಳನ್ನು ಮಣ್ಣಿಗೆ ತಿಕ್ಕಿ, ನೀರು ಹನಿಸಿ ತೊಳೆದು, ಅಂಗೈಯಲ್ಲಿ ಒಂದಿಷ್ಟು ಹಿಡಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ನಿಧಾನವಾಗಿ ಉಜ್ಜಿದಳು. ಸೋಪಾದರೆ ನೊರೆ ಏಳಬೇಕು, ಕೂಲೆಂಟಾದರೆ ಎಣ್ಣೆಯಂತೆ ಜಾರಬೇಕು. ಇನ್ನೊಮ್ಮೆ ಉಜ್ಜಿದಳು. ಗಂಡ ಕ್ಯಾನು ಬಗ್ಗಿಸಿಕೊಂಡೇ ಕಾಯುತ್ತಿದ್ದ.