ಮೂರು ದಿನದ ಸಪ್ಪೆ

ನಮ್ಮ ವೈಶಾಖ ಬಿಡಾರಕ್ಕೆ ಈ ವರ್ಷ ಅರವತ್ತು ತುಂಬಿತು. ಅದರ ಚರಿತ್ರೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಶಿರಸಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳಿಗೆ ಮೇ ತಿಂಗಳಲ್ಲಿ ಬೇರೆ ಏನು ಕೆಲಸ ಎಂದು ಬಿಡಾರದ ಮಂಡಳಿಯವರು ಭಾವಿಸಿದ್ದರು. ಮಂಡಳಿಯ ಅಧ್ಯಕ್ಷ ನನ್ನ ಅಣ್ಣ ಮಧುಕೇಶ್ವರ. ಅವನು ಕೊಟ್ಟ ಸೂಚನೆ ಒಂದೇ: "ಪ್ರತಿಭಾ, ಅಜ್ಜನ ವ್ರತದ್ದು ಚಂದಾಗಿ ಬರಿ. ಉಳಿದದ್ದು ಹೆಂಗರ ಇರಲಿ."

ಬನವಾಸಿ ಕಡೆಯ ನಲವತ್ತು ಮನೆಯವರು ಪ್ರತಿ ವೈಶಾಖದಲ್ಲಿ ದೇವಿಮನೆ ಘಟ್ಟ ಇಳಿದು, ಕುಮಟೆಯಾಚೆ ಒಂದು ಕಡಲ ದಂಡೆಯಲ್ಲಿ ತೆಂಗಿನ ಗರಿಯ ಗುಡಿಸಲು ಕಟ್ಟಿ ಹದಿನೈದು ದಿನ ಇರುತ್ತೇವೆ. ಬೆಳಿಗ್ಗೆ ಸಮುದ್ರಸ್ನಾನ, ಮರಳ ಮೇಲೇ ಕೂತು ಲಿಂಗಪೂಜೆ, ಸಂಜೆ ಭಜನೆ. ಇದನ್ನು ಶುರುಮಾಡಿದವನು ನಮ್ಮ ಅಜ್ಜ ಶಂಭುಲಿಂಗ. ಅಕ್ಕಿ ವ್ಯಾಪಾರಕ್ಕೆ ಹೋದವನು ಒಂದು ಬೆಳಿಗ್ಗೆ ಆ ದಂಡೆಯಲ್ಲಿ ಪೂಜೆಗೆ ಕೂತನಂತೆ, ಮನಸ್ಸು ಎಂದೂ ಇಲ್ಲದಷ್ಟು ಹಗುರಾಯಿತಂತೆ. ಮರುವರ್ಷ ಐದು ಮನೆಯವರನ್ನು ಎತ್ತಿನಗಾಡಿಯಲ್ಲಿ ಕರೆದುಕೊಂಡು ಹೋದ. ಇಲ್ಲಿಯವರೆಗೆ ನನ್ನ ಚರಿತ್ರೆ ಸರಾಗ.

ಮುಂದೆ ಬರುವುದೇ ವ್ರತ. ಬಿಡಾರದ ಮೊದಲ ಮೂರು ದಿನ ಯಾರೂ ಉಪ್ಪು ಮುಟ್ಟುವಂತಿಲ್ಲ. ಅನ್ನ, ಸಾರು, ಪಲ್ಯ ಎಲ್ಲ ಸಪ್ಪೆ. ಶಿವ ಅಜ್ಜನ ಕನಸಿನಲ್ಲಿ ಬಂದು ಹೀಗೆ ಅಪ್ಪಣೆ ಕೊಡಿಸಿದ ಎಂದು ಅಣ್ಣ ಪ್ರತಿವರ್ಷ ಮೊದಲ ಊಟದ ಪಂಕ್ತಿಯಲ್ಲಿ ನಿಂತು ಹೇಳುತ್ತಾನೆ. ವರ್ಷದಿಂದ ವರ್ಷಕ್ಕೆ ಆ ಕನಸು ಉದ್ದವಾಗುತ್ತಿದೆ. ಹೋದ ವರ್ಷ ಅದರಲ್ಲಿ ಒಂದು ಹಡಗೂ ಬಂದಿತ್ತು.

ಈ ಸಲ ಆ ವ್ರತವೇ ನಮ್ಮ ಮನೆಯಲ್ಲಿ ಜಗಳ ತಂದಿತು. ಮಾರ್ಚ್ ತಿಂಗಳಲ್ಲಿ ಅವ್ವ ತಲೆ ತಿರುಗಿ ಬಿದ್ದಿದ್ದಳು. ಮೈಯಲ್ಲಿ ಸೋಡಿಯಂ ಇಳಿದಿದೆ, ಈ ಬಿಸಿಲಲ್ಲಿ ಉಪ್ಪು ಬಿಟ್ಟರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅವ್ವ ಗಿರಿಜವ್ವನಿಗೆ ಎಂಬತ್ತೆರಡು. ಒಂದು ವರ್ಷವೂ ಬಿಡಾರ ತಪ್ಪಿಸಿದವಳಲ್ಲ.

"ಅವ್ವ ಈ ವರ್ಷ ಮನ್ಯಾಗ ಇರಲಿ," ಎಂದ ಅಣ್ಣ. "ಅಧ್ಯಕ್ಷನ ತಾಯಿನೇ ವ್ರತ ಮುರಿದ್ರ ಮಂದಿಗೆ ಏನು ಹೇಳಲಿ?"

"ನಾ ಬರ್ತೀನಿ, ಸಪ್ಪೆನೂ ಉಣ್ತೀನಿ. ಸತ್ರ ಕಡಲ ದಂಡ್ಯಾಗ ಸಾಯ್ತೀನಿ," ಎಂದಳು ಅವ್ವ.

ಇಬ್ಬರೂ ಒಂದೇ ಅಚ್ಚಿನವರು. ನನಗೆ ಅಣ್ಣನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಜಗಲಿಯಲ್ಲಿ ಕೂತು ವ್ರತದ ಪುಟ ಬರೆಯುತ್ತಿದ್ದೆ. ಅವ್ವ ಪಕ್ಕದಲ್ಲಿ ಬಂದು ಕೂತಳು. "ಏನು ಬರದಿ? ಓದು," ಎಂದಳು. ಓದಿದೆ. ಕನಸಿನ ಸಾಲು ಬಂದಾಗ ನನ್ನ ಪೆನ್ನು ಕಿತ್ತುಕೊಂಡಳು.

"ಕನಸೂ ಇಲ್ಲ, ಏನೂ ಇಲ್ಲ. ಉಪ್ಪಿನ ಭರಣಿ ನಾನೇ ಮರ್ತು ಬಿಟ್ಟು ಹೋಗಿದ್ದೆ."

ಮೊದಲ ಬಿಡಾರದ ಮಾತದು. ಅವ್ವ ಆಗ ಮದುವೆಯಾಗಿ ವರ್ಷ ತುಂಬದ ಸೊಸೆ. ಐದು ಮನೆಗೂ ಒಂದೇ ಅಡುಗೆ. ಉಪ್ಪು, ಖಾರ, ಎಣ್ಣೆ ಹೊತ್ತೊಯ್ಯುವುದು ಅವಳ ಪಾಲಿಗೆ ಬಂದಿತ್ತು. ದಂಡೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಎರಡು ಮೈಲಿ ದೂರದಲ್ಲಿ ಉಪ್ಪಿನ ಗದ್ದೆಗಳೇ ಇದ್ದವು, ಆದರೆ ದೀಪ ಹಚ್ಚಿದ ಮೇಲೆ ಯಾರ ಮನೆಯಲ್ಲೂ ಉಪ್ಪು ಕೇಳಬಾರದು, ಯಾರೂ ಕೊಡಬಾರದು. ಅವಳ ಅತ್ತೆ, ಅಂದರೆ ನಮ್ಮಜ್ಜಿಯ ನಾಲಿಗೆಗಂತೂ ಊರೇ ಹೆದರುತ್ತಿತ್ತು.

"ಪೆಟ್ಟಿಗಿ ಮೂರು ಸಲ ತೆಗದು ನೋಡಿದೆ. ಮಾವನೋರು ದೂರದಿಂದ ನೋಡಿದ್ರು, ಏನೂ ಕೇಳಲಿಲ್ಲ. ಊಟಕ್ಕ ಕುಂತವ್ರು ಮೊದಲನೇ ತುತ್ತು ಬಾಯಿಗೆ ಇಟ್ಟು, 'ಇದು ಶಿವನ ವ್ರತ, ಮೂರು ದಿನ ಸಪ್ಪೆ' ಅಂದ್ರು."

"ಮೂರು ದಿನ ಯಾಕ? ಮರುದಿನ ಉಪ್ಪು ಸಿಗ್ತಿತ್ತಲ್ಲ?"

"ಒಂದೇ ಹೊತ್ತಿಗೆ ಮುಗಿದ್ರ ನಿಮ್ಮಜ್ಜಿ ನಂಬ್ತಿದ್ಲೇನ?" ಅವ್ವನ ಕಣ್ಣು ತುಂಬಿತು. "ಊರಿಗೆ ಬಂದಾಗ ಎಲ್ಲಾರಿಗಿಂತ ಮೊದಲು ಒಳಗ ಹೋಗಿ, ಒಲೀ ಮುಂದ ಇದ್ದ ಭರಣೀನ ಯಾರ ಕಣ್ಣಿಗೂ ಬೀಳದಂಗ ತಾವೇ ಒಳಗಿಟ್ರು. ನನ್ನ ಸಲುವಾಗಿ ದೇವರ ಹೆಸರಲ್ಲಿ ಸುಳ್ಳು ಹೇಳಿದ್ರು. ಆ ಪಾಪ ತೊಳೀಲಿ ಅಂತ ಅರವತ್ತು ವರ್ಷ ತಪ್ಪದೆ ಸಪ್ಪೆ ಉಂಡೀನಿ."

ಇದಕ್ಕೇ ಸಾಯಲು ಹೊರಟಿದ್ದಳು ನನ್ನ ಅವ್ವ! ನನಗೆ ನಗುವೂ ಬಂತು, ಅಳುವೂ ಬಂತು. ಅವಳ ಕೈ ಹಿಡಿದುಕೊಂಡು, "ಬರೀಲೇನ?" ಎಂದೆ.

"ಮೊದಲು ನಾ ಹೇಳ್ತೀನಿ. ಆಮ್ಯಾಲೆ ಬರಿ."

ಮರುದಿನ ಅಣ್ಣನ ಮಾತು ಕೇಳದೆ ಅವ್ವನನ್ನು ನನ್ನ ಕಾರಿನಲ್ಲೇ ಕರೆದೊಯ್ದೆ. ಸಂಜೆ ಮೊದಲ ಪಂಕ್ತಿ ಕೂತಿತು. ಅಣ್ಣ ಎದ್ದು ನಿಂತು, "ಶಿವ ನಮ್ಮ ಅಜ್ಜನ ಕನಸಿನಾಗ..." ಎಂದು ಶುರುಮಾಡಿದ.

"ಕುಂಡ್ರೋ ಮಧು," ಎಂದಳು ಅವ್ವ. ಕೂತಲ್ಲಿಂದಲೇ ಎಲ್ಲವನ್ನೂ ಹೇಳಿದಳು. ಭರಣಿ, ದೀಪದ ಹೊತ್ತು, ಮಾವನವರ ತುತ್ತು, ಯಾವುದನ್ನೂ ಬಿಡಲಿಲ್ಲ. ನಲವತ್ತು ಮನೆಯವರ ಕೈ ಎಲೆಯ ಮೇಲೇ ನಿಂತಿತು. ಅಣ್ಣನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಮೊದಲು ನಕ್ಕವಳು ಪಾರ್ವತವ್ವ. ಮೊದಲ ವರ್ಷದ ಗಾಡಿಯಲ್ಲಿ ಬಂದವರ ಪೈಕಿ ಅವ್ವನನ್ನು ಬಿಟ್ಟರೆ ಉಳಿದವಳು ಅವಳೊಬ್ಬಳೇ.

"ಅಯ್ಯ ನಿನ್ನ! ನನ್ನ ಗಂಟಿನಾಗ ಉಪ್ಪಿತ್ತಲ್ಲೇ ಗಿರಿಜಾ! ಈ ಬಸಪ್ಪ ಹೊಟ್ಯಾಗಿದ್ದ, ಹುಣಸಿಕಾಯಿ ಜೋಡಿ ತಿನ್ನಾಕ ಕದ್ದು ಕಟ್ಕೊಂಡಿದ್ದೆ. ವ್ರತ ಅಂದ್ರಲ್ಲ, ಹೇಳಾಕ ಹೆದರಿ ಮುಚ್ಚಿಟ್ಟೆ. ಮೂರು ದಿನ ಗುಡಿಸಲ ಹಿಂದ ಹೋಗಿ ನೆಕ್ಕೀನಿ. ವ್ರತ ಕೆಡಿಸಿದ ಪಾಪಿ ನಾನೊಬ್ಬಾಕೆ ಅಂತ ಇವತ್ತಿನತನಕ ಎದಿ ಹೊಡ್ಕೊಂತಿತ್ತು!"

ಎಲ್ಲರೂ ತಲೆ ನರೆತ ಬಸಪ್ಪನ ಕಡೆ ತಿರುಗಿದರು. ಅವನು ನಾಚಿ ಎಲೆ ನೋಡಿದ. ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಇಬ್ಬರು ಮುದುಕಿಯರೂ ಕಣ್ಣೊರೆಸಿಕೊಂಡು ನಗುತ್ತಿದ್ದರು. ನನ್ನ ಎದೆಯ ಭಾರವೂ ಇಳಿಯಿತು.

ನಗದವನು ಅಣ್ಣನೊಬ್ಬನೇ. ಅಡುಗೆಯ ಗುಡಿಸಲಿಗೆ ಹೋದ. ನಾಲ್ಕನೇ ದಿನಕ್ಕೆಂದು ಕಟ್ಟಿಟ್ಟಿದ್ದ ಉಪ್ಪಿನ ಚೀಲ ಬಿಚ್ಚಿ, ಬೊಗಸೆಯಲ್ಲಿ ತುಂಬಿಕೊಂಡು ಬಂದ. ಅವ್ವನ ಮುಂದೆ ಮಂಡಿಯೂರಿ ಕೂತು ಎಲೆಯ ತುದಿಗೆ ಸುರಿದ. ಜನ್ಮದಲ್ಲಿ ಉಪ್ಪು ಬಡಿಸಿದವನಲ್ಲ.

"ಉಣ್ಣವ್ವ," ಎಂದ. "ನಿನ್ನ ಕಣ್ಣಾಗ ನೀರು ಬರಬಾರದು ಅಂತ ಅಜ್ಜ ಆ ಸುಳ್ಳು ಹೇಳಿದ್ದು. ನಾ ಅದನ್ನೇ ಹಿಡ್ಕೊಂಡು ನಿನ್ನ ಅಳಿಸಿದೆ."

ಅವ್ವ ಒಂದು ಚಿಟಿಕೆ ಕಲೆಸಿಕೊಂಡು ಉಂಡಳು. ಮಗನ ತಲೆ ಸವರಿ, "ಇಷ್ಟ್ಯಾಕೋ ಹುಚ್ಚಾ, ಊರಿಗೆಲ್ಲ ಸಾಕಾಗ್ತದ," ಎಂದಳು.

"ಉಳದದ್ದು ಇತ್ತ ತಾ," ಎಂದು ಪಾರ್ವತವ್ವ ತನ್ನ ಎಲೆ ಮುಂದೆ ಸರಿಸಿದಳು. "ಇನ್ನರ ಎಲ್ಲಾರ ಮುಂದ ಕುಂತು ತಿಂತೀನಿ."