ವರಾಂಡದಿಂದ ಕಾಣದ ಮನೆ

“ಕುಡಿದಿದ್ನಂತೆ! ಯಾರೋ ಕುಡಿಸಿದ್ದು? ನಿಮ್ಮಪ್ಪ ಬಂದು ಬಾಯಿಗೆ ಹುಯ್ದಿದ್ನಾ?”

“ಏಯ್, ನಾಲಿಗೆ ಬಿಗಿಹಿಡಿ. ಸಾಹೇಬ್ರು ನಿಂತಿದಾರೆ.”

“ನಿಂತ್ಕೊಳ್ಳಲಿ. ಅವರೂ ಕೇಳಿಸ್ಕೊಳ್ಳಲಿ. ರಾತ್ರಿಯೆಲ್ಲ ನಿಮ್ಮ ಗೆಸ್ಟುಗಳ ಮೈ ತೊಳೆಯೋಕೆ ನೀರು ಕಾಯಿಸಿ ಬಂದು ಮಲಗಿದೋನು ಕಣೋ ಅವನು. ಕಣ್ಣು ಮುಚ್ಚೋಕೇ ಹೊತ್ತಿರಲಿಲ್ಲ, ಇನ್ನು ಕುಡಿಯೋಕೆಲ್ಲಿ ಬರ್ಬೇಕು?”

ಗಿಡ್ಡಿಯ ತಲೆ ಮೇನೇಜರನ ಎದೆಗೆ ಬರುತ್ತಿತ್ತು. ಕತ್ತೆತ್ತಿಕೊಂಡೇ ಬೈಯುತ್ತಿದ್ದಳು. ಅವಳ ಹಿಂದೆ, ರೆಸಾರ್ಟಿನ ಬಟ್ಟೆ ಒಗೆಯುವ ಕಟ್ಟೆಯ ಪಕ್ಕ, ದಿನಾ ಅವಳು ಮಾಸಿದ ಹೊದಿಕೆಗಳನ್ನು ಹೇರಿಕೊಂಡು ತಳ್ಳುವ ಕೈಗಾಡಿಯಲ್ಲಿ ಅವಳ ಗಂಡನ ಹೆಣವಿತ್ತು. ಬೆಳಿಗ್ಗೆ ಗೆಸ್ಟುಗಳ ಜೀಪು ಅವನ ಎದೆಯ ಮೇಲೆ ಹತ್ತಿ ಇಳಿದಿತ್ತು. ಗಾಲಿಗೆ ಏನೋ ಸಿಕ್ಕಿತೆಂದು ಡ್ರೈವರ್ ಹಿಂದಕ್ಕೆ ತೆಗೆದದ್ದರಿಂದ ಮತ್ತೊಂದು ಸಲ ಹತ್ತಿ ಇಳಿದಿತ್ತು.

ಮೇನೇಜರನ ಕಣ್ಣು ಕೈಗಾಡಿಯ ಮೇಲೆ ಬಿತ್ತು.

“ಯಾರು ಇದನ್ನ ಹೊದಿಸಿದ್ದು? ಗೆಸ್ಟ್ ಶೀಟಲ್ವಾ ಇದು? ತೆಗೀರೋ. ಈ ಬಿಳೀದು ಊಟದ ವರಾಂಡದ ತನಕ ಕಾಣ್ಸುತ್ತೆ.”

ಕೆಲಸದವರ ಮೇಸ್ತ್ರಿ ಓಡಿಹೋಗಿ ಗೋದಾಮಿನಿಂದ ಬಲೆಯ ತುಂಡೊಂದನ್ನು ತಂದ. ಹಸಿರು, ಕಂದು ಬಟ್ಟೆಯ ಎಲೆಗಳನ್ನು ಹೊಲಿದ ಹಳೆ ಮಿಲಿಟರಿ ಬಲೆ. ಸತ್ತವನಿಗೆ ಅವನು ಸೋದರಮಾವ. ಬಿಳಿ ಶೀಟನ್ನು ಎಳೆದು, ಮುಖ ನೋಡದೆ, ಬಲೆ ಹೊದಿಸಿದ. ಸ್ವಲ್ಪ ಆಚೆ ನಿಂತು ನೋಡಿದವರು ಕೈಗಾಡಿಯಲ್ಲಿ ಯಾರೋ ಸೊಪ್ಪು ತುಂಬಿಟ್ಟಿದ್ದಾರೆ ಅನ್ನಬೇಕು, ಹಾಗಾಯಿತು.

ಪೊಲೀಸ್ ಸಾಹೇಬ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಮೆತ್ತಗೆ ಕೇಳಿದ.

“ನೋಡಮ್ಮ, ನಿನ್ನ ಗಂಡ ಹೊರಗಿಂದ ಬಂದುಹೋಗೋ ಕೂಲಿ, ಕುಡಿದು ಕಾಡಲ್ಲಿ ಬಿದ್ದಿದ್ದ ಅಂತಾರೆ ಇವರು. ಹಂಗಾದ್ರೆ ಯಾರದೂ ತಪ್ಪಿಲ್ಲ. ನೀನೇನಂತೀಯ? ಎಲ್ಲಿ ಮಲಗಿದ್ದ?”

“ಮನೇಲಿ.”

“ಯಾವ ಮನೆ?”

“ನಮ್ಮನೆ. ಇಲ್ಲೇ.”

“ಈ ಕಾಡಲ್ಲಿ ಯಾರೂ ಮನೆ ಮಾಡೋ ಹಾಗಿಲ್ವಲ್ಲ. ಎಲ್ಲಿದೆ, ತೋರಿಸು.”

ಅವಳು ದಡದಡ ನಡೆದು ವರಾಂಡದ ಮೆಟ್ಟಿಲು ಹತ್ತಿದಳು. ಕೆಲಸದವರು ಅಲ್ಲಿ ಕಾಲಿಡುವಂತಿರಲಿಲ್ಲ. ಅವಳು ಹತ್ತಿದ್ದು ಅದೇ ಮೊದಲು. ಗೆಸ್ಟುಗಳು ಚಮಚ ಹಿಡಿದವರು ಹಿಡಿದಂತೆಯೇ ನೋಡಿದರು. ಗಿಡ್ಡಿ ತೋಟದಾಚೆಯ ದಿಬ್ಬದ ಕಡೆಗೆ ಬೆರಳು ಚಾಚಿದಳು. ಬೆರಳು ಒಂದು ಕಡೆ ನಿಲ್ಲಲಿಲ್ಲ. ಮರ, ಮರದ ಬುಡದಲ್ಲಿ ಪೊದೆ, ಪೊದೆಯ ಹಿಂದೆ ನೆರಳು. ಬೆಳಿಗ್ಗೆ ತಾನೇ ಅವಳು ಬಾಗಿ ಹೊರಬಂದ ಬಾಗಿಲು ಅಲ್ಲೆಲ್ಲೋ ಇತ್ತು.

“ಆ ದಪ್ಪ ಮರ ಇದೆಯಲ್ಲ... ಅದರ ಪಕ್ಕ.”

“ಎಲ್ಲವೂ ದಪ್ಪ ಮರಾನೇ ಇದಾವಲ್ಲಮ್ಮ.”

“ಬನ್ನಿ ಸಾಹೇಬ್ರೆ, ಕರ್ಕೊಂಡ್ಹೋಗಿ ಒಳಗೇ ಕೂರಿಸ್ತೀನಿ.”

“ಸಾರ್, ಊಟ ಆರ್ತಿದೆ,” ಎಂದ ಮೇನೇಜರ್. “ಹಾವು ಹುಳ ಇರೋ ಜಾಗ ಬೇರೆ.”

ಸಾಹೇಬ ತನ್ನ ಬೂಟು ನೋಡಿಕೊಂಡ. ಮೆಟ್ಟಿಲ ಕೆಳಗೆ ಕೈಕಟ್ಟಿ ನಿಂತಿದ್ದ ಮೇಸ್ತ್ರಿಯನ್ನು ಕೇಳಿದ, “ನೀನು ಹೇಳಪ್ಪ. ಇದೆಯಾ ಅಲ್ಲಿ ಮನೆ?”

“ಇಲ್ಲ ಸಾಹೇಬ್ರೆ,” ಎಂದ ಮೇಸ್ತ್ರಿ. “ಅಲ್ಲಿ ಯಾರೂ ಇಲ್ಲ.”

ಸಾಹೇಬ ಕೈ ತೊಳೆಯಲು ಹೋದ.

*

ದಿಬ್ಬದ ಗುಡಿಸಲುಗಳ ಮೇಲೂ ಅಂಥದೇ ಬಲೆಯಿತ್ತು, ಅದನ್ನು ಕಟ್ಟಿದವನು ಅವಳ ಗಂಡನೇ. ರೆಸಾರ್ಟಿನಲ್ಲಿ ಅವನಿಗೆ ಬೇರೆ ಹೆಸರಿರಲಿಲ್ಲ. ಗೆಸ್ಟುಗಳು ಕಿಟಕಿಯಿಂದ “ಬಿಸಿನೀರು!” ಎಂದು ಕೂಗುತ್ತಿದ್ದರು, ಅವನು ಬಂದೆ ಅನ್ನುತ್ತಿದ್ದ; ಕೊನೆಗೆ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು. ರಾತ್ರಿ ಒಲೆಗೆ ಸೌದೆ ಒಟ್ಟುವುದು, ಹಗಲು ಮಲಗುವುದು. ಒಗೆಯುವವರು, ಪಾತ್ರೆ ತಿಕ್ಕುವವರು, ಕಕ್ಕಸು ತೊಳೆಯುವವರು ಎಲ್ಲರೂ ಆ ದಿಬ್ಬದ ಮೇಲೆ ಟಾರ್ಪಾಲಿನ ಗುಡಿಸಲುಗಳಲ್ಲಿದ್ದರು. ದುಡ್ಡು ಕೊಟ್ಟು ಕಾಡು ನೋಡಲು ಬಂದವರಿಗೆ ಮೊದಲು ಕಂಡದ್ದು ಆ ಟಾರ್ಪಾಲು. ಒಬ್ಬಾಕೆ ಮೂಗು ಮುರಿದಳಂತೆ. ವಾರ ಕಳೆಯುವುದರೊಳಗೆ ಲಾರಿಯಲ್ಲಿ ಬಲೆ ಬಂತು.

ಸೀಮೆಎಣ್ಣೆ ಮತ್ತು ಬೂಷ್ಟಿನ ವಾಸನೆ ಹೊಡೆಯುವ ಬಲೆ. ಬಿಗಿಯಾಗಿ ಎಳೆದು ಕಟ್ಟಿದರೆ ಚಪ್ಪರದಂತೆ ಎದ್ದು ಕಾಣುತ್ತದೆ. ಅಲ್ಲಲ್ಲಿ ಜೋಲು ಬಿಡಬೇಕು, ಗಳಗಳನ್ನು ಒಂದೇ ಎತ್ತರಕ್ಕೆ ನಿಲ್ಲಿಸಬಾರದು, ಅಂಚನ್ನು ನೆಲಕ್ಕೆ ಹರಡಿ ತರಗೆಲೆ ಚೆಲ್ಲಬೇಕು. ಬಟ್ಟೆಯ ಎಲೆ ಹತ್ತಿರದಿಂದ ಗೊತ್ತಾಗುತ್ತದೆ, ಅದಕ್ಕೆ ನಡುನಡುವೆ ಹಸಿ ರೆಂಬೆ ಸಿಕ್ಕಿಸಬೇಕು, ಬಾಡಿದರೆ ಬದಲಿಸಬೇಕು. ಬಿಸಿನೀರು ಉದ್ದ ಆಳು, ಏಣಿ ಬೇಕಿರಲಿಲ್ಲ. ಗಿಡ್ಡಿ ಕೆಳಗಿನಿಂದ ಹಗ್ಗ ಕೊಡುತ್ತಿದ್ದಳು. “ನಿನ್ನ ನಿಲ್ಲಿಸಿದ್ರೆ ಸಾಕಿತ್ತು ಕಣೋ, ಗಳಾನೇ ಬೇಕಿರ್ಲಿಲ್ಲ” ಅನ್ನುತ್ತಿದ್ದಳು. “ನಿನ್ನ ಬಚ್ಚಿಡೋಕೆ ಬಲೆ ಯಾಕೆ, ಒಂದು ಬುಟ್ಟಿ ಕವಚಿದ್ರೆ ಆಯ್ತು” ಎಂದು ಅವನು ನಗುತ್ತಿದ್ದ.

ಕಟ್ಟಿ ಮುಗಿದ ದಿನ ಮೇನೇಜರ್ ಅವನನ್ನು ವರಾಂಡಕ್ಕೆ ಹತ್ತಿಸಿಕೊಂಡ, ಎಲ್ಲಾದರೂ ಕಾಣುತ್ತದೋ ನೋಡು ಎಂದು. ಅವನು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. ಓಡಿಬಂದು ಬಲೆಯೊಳಗೆ ತೂರಿದಾಗ ಮುಖ ಅರಳಿತ್ತು.

“ಏನೂ ಕಾಣ್ಸಲ್ಲ ಕಣೇ! ನೀನು ಕೈ ಬೀಸ್ತೀನಿ ಅಂದಿದ್ಯಲ್ಲ, ಅದೂ ಕಾಣ್ಸಲಿಲ್ಲ. ನಮ್ಮನೆ ಎಲ್ಲಿ ಅಂತ ನನಗೇ ಗೊತ್ತಾಗ್ಲಿಲ್ಲ.”

“ಅದಕ್ಕೆ ಹಲ್ಲು ಕಿರೀತೀಯಾ?”

“ಕೆಲಸ ಚೆನ್ನಾಗಾಯ್ತಲ್ವಾ ಅಂದೆ.”

ಆಮೇಲೆ ಮೇನೇಜರನಿಂದ ಒಂದೊಂದಾಗಿ ಅಪ್ಪಣೆ ಬಂತು. ಹಗಲು ಒಲೆ ಹೊತ್ತಿಸಬಾರದು, ಹೊಗೆ ಏಳುತ್ತದೆ. ಕೆಂಪು, ಹಳದಿ ಉಡಬಾರದು. ಪಾತ್ರೆಗೆ ಮಸಿ ಬಳಿಯಬೇಕು, ಮಿಂಚಬಾರದು. ಕೂಸು ಅತ್ತರೆ ಬಾಯಿಗೆ ಮೊಲೆ ಕೊಡು, ಇಲ್ಲದಿದ್ದರೆ ಕೈ ಇಡು. ಸಂಜೆ ವರಾಂಡದಲ್ಲಿ ಕೂತವರು, ಆಹಾ, ನಮ್ಮನ್ನು ಬಿಟ್ಟರೆ ಇಲ್ಲಿ ಒಂದು ನರಪಿಳ್ಳೆಯೂ ಇಲ್ಲ ಎಂದು ಮೆಚ್ಚಿಕೊಂಡು, ಮತ್ತೆ ಬಿಸಿನೀರಿಗೆ ಕೂಗುತ್ತಿದ್ದರು.

ಗುಡಿಸಲೊಳಗೆ ಹಗಲು ಬೇಯುತ್ತಿತ್ತು. ಅವನು ಗಾಳಿಗೆಂದು ಬಲೆಯ ಅಂಚಿನಲ್ಲಿ, ರೆಂಬೆಗಳ ತಂಪಿನಲ್ಲಿ ಚಾಪೆ ಹಾಕಿಕೊಳ್ಳುತ್ತಿದ್ದ. ಆ ಹಸಿ ರೆಂಬೆಗೆ ಜಿಂಕೆ ಬರತೊಡಗಿದವು. ಮೇಯಲು ಇಷ್ಟು ಹತ್ತಿರ ಬರುತ್ತಾವಲ್ಲ ಎಂದು ಅವನು ಉಸಿರು ಬಿಗಿಹಿಡಿದು ನೋಡಿದ್ದುಂಟು, ಹೆಂಡತಿಗೆ ಹೇಳಿದ್ದುಂಟು. ಆ ಬೆಳಿಗ್ಗೆ ಜೀಪಿನವರು ಜಿಂಕೆ ಕಂಡರು. ಹತ್ತಿರ ಹೋಗು, ಇನ್ನೂ ಹತ್ತಿರ ಎಂದರು. ಡ್ರೈವರ್ ದಾರಿ ಬಿಟ್ಟು ಪೊದೆಯ ಮೇಲೆ ಹತ್ತಿಸಿದ. ಅದು ಪೊದೆಯಾಗಿರಲಿಲ್ಲ.

*

ಗಿಡ್ಡಿ ದಿಬ್ಬ ಹತ್ತಿ ಬಂದಾಗ ಎಲ್ಲರೂ ಬಲೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದರು. ಸಾಹೇಬ ಹೋಗುವ ತನಕ ಕೆಮ್ಮಲೂ ಬಾರದೆಂದು ಮೇಸ್ತ್ರಿ ಹೇಳಿಟ್ಟಿದ್ದ. ಅವಳ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಮೇಸ್ತ್ರಿ ಏದುತ್ತ ಹಿಂದೆಯೇ ಬಂದ.

“ಏನಂದೆಯೋ ಮಾವ? ಇಲ್ಲಿ ಯಾರೂ ಇಲ್ವಾ? ನಾನ್ಯಾರೋ? ದೆವ್ವಾನಾ?”

“ಮೆತ್ತಗೆ ಮಾತಾಡೇ ತಾಯಿ. ಕ್ಯಾಂಪು ಕಣ್ಣಿಗೆ ಬಿತ್ತು ಅಂದ್ರೆ ಎಬ್ಬಿಸ್ತಾರೆ. ಈ ಮುದುಕರು, ಕೂಸುಗಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ? ಹಿಂದಿನ ಸಲ ಸೇತುವೆ ಕೆಳಗೆ ಮಲಗಿದ್ದು ಮರೆತ್ಯಾ?”

“ಅದಕ್ಕೆ ನಿನ್ನ ಅಕ್ಕನ ಮಗನ್ನ ಕುಡುಕ ಮಾಡಿದ್ಯಾ? ಥೂ, ನಿನ್ನ ಬಾಯಿಗೆ ಮಣ್ಣು ಹಾಕ.”

“ಹಾಕು. ನನಗೇನು ಸುಖಾನಾ? ಅವನನ್ನ ಹೆಗಲ ಮೇಲೆ ಹೊತ್ತು ಬೆಳೆಸಿದೋನು ಕಣೇ ನಾನು.”

ಅತ್ತೆ ಸೆರಗು ತೆಗೆದು ಹೇಳಿದಳು, “ಹೋದೋನು ಹೋದ. ಇರೋರ ಹೊಟ್ಟೆ ಮೇಲೆ ಹೊಡೀಬೇಡ ಕಣೇ.”

“ಕುಡುಕ ಅಂತ ಹೂಳ್ತೀಯಾ ಅತ್ತೆ?”

“ಹೂಳ್ತೀನಿ. ನನ್ನ ಮಗ ಎಂಥೋನು ಅಂತ ನನಗೆ ಗೊತ್ತು. ಇನ್ಯಾರಿಗೆ ಗೊತ್ತಾಗ್ಬೇಕು?”

ಗಿಡ್ಡಿ ಅವಳನ್ನೇ ನೋಡುತ್ತ ನಿಂತಳು. ಆಮೇಲೆ ಸೌದೆ ಸೀಳುವ ಕೊಡಲಿ ಎತ್ತಿಕೊಂಡಳು. ಗಂಡಸರು ಹಿಂದೆ ಸರಿದರು. ಅವಳು ದಪ್ಪ ಮರದ ಬುಡಕ್ಕೆ ಹೋದಳು. ಮೇಲಿನ ಗಂಟು ಅವಳಿಗೆ ಎಟುಕುತ್ತಿರಲಿಲ್ಲ. ಹಗ್ಗ ಕೆಳಗಿಳಿದು ಬೇರಿಗೆ ಸುತ್ತಿದಲ್ಲಿಗೆ ಏಟು ಹಾಕಿದಳು. ಮತ್ತೊಂದು ಮರಕ್ಕೆ ಹೋದಳು, ಅಲ್ಲಿಗೂ ಹಾಕಿದಳು. ಗಳಗಳು ವಾಲಿದವು. ಇಡೀ ಬಲೆ ಉಸಿರುಬಿಟ್ಟಂತೆ ಗುಡಿಸಲುಗಳ ಮೇಲೆ, ಕೂತವರ ತಲೆಗಳ ಮೇಲೆ ಇಳಿಯಿತು.

ಅವಳು ತೆವಳಿ ಹೊರಬಂದು ವರಾಂಡದ ಕಡೆ ನೋಡಿದಳು. ಚಮಚಗಳ ಸದ್ದು ಕೇಳುತ್ತಿತ್ತು. ಯಾರೂ ಇತ್ತ ತಿರುಗಿರಲಿಲ್ಲ. ತಿರುಗಿ ಈಚೆ ನೋಡಿದಳು. ಬಲೆ ಬಿದ್ದಲ್ಲಿ ದಿಬ್ಬ ತುಸು ಕುಗ್ಗಿತ್ತು, ಅಷ್ಟೇ. ಅದೇ ಪೊದೆ, ಅದೇ ನೆರಳು. ಅವನ ಕೆಲಸ ಅಷ್ಟು ಚೆನ್ನಾಗಿತ್ತು.

ಆಗ ಅವಳಿಗೆ ಅಳು ಬಂತು. ಬೆಳಿಗ್ಗೆಯಿಂದ ಬೈಗುಳವಾಗಿ ಬರುತ್ತಿದ್ದದ್ದು ಈಗ ಗೋಳಾಗಿ ಬಂತು. ಅಳುತ್ತಲೇ ಬಲೆಯ ಅಂಚು ಹಿಡಿದು ಎಳೆದಳು. ನೆನೆದ ಹೊದಿಕೆಗಳ ರಾಶಿಯಷ್ಟು ಭಾರ. ಕಾಲು ಜಾರಿ ಬಿದ್ದಳು, ಎದ್ದಳು, ಮತ್ತೆ ಎಳೆದಳು. “ಬಿಡೇ, ಬಿಡೇ” ಎಂದು ಒಳಗಿನಿಂದ ಮೇಸ್ತ್ರಿ ಗುಸುಗುಟ್ಟುತ್ತಿದ್ದ. ಅವಳ ಪಕ್ಕಕ್ಕೆ ಇನ್ನೆರಡು ಕೈ ಬಂದವು. ತರಕಾರಿ ಹೆಚ್ಚಿ ಹೆಚ್ಚಿ ಗೆರೆಗೆರೆ ಕಡಿದ ಕೈ. ಅತ್ತೆ ಸೊಸೆಯ ಮುಖ ನೋಡಲಿಲ್ಲ. ಹಲ್ಲು ಕಚ್ಚಿ ಎಳೆದಳು.

ಬಲೆ ಸರಿಯಿತು. ನೀಲಿ ಟಾರ್ಪಾಲು, ಮಸಿ ಪಾತ್ರೆ, ಮುರಿದ ಮಂಚ, ಒಣಹಾಕಿದ ಕೂಸಿನ ಬಟ್ಟೆ, ಎದೆಗೆ ಮೊಣಕಾಲು ಆನಿಸಿ ಕೂತ ಜನ, ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಒಂದು ಕೂಸು ಜೋರಾಗಿ ಅತ್ತಿತು. ಯಾರೂ ಅದರ ಬಾಯಿ ಮುಚ್ಚಲಿಲ್ಲ.

ವರಾಂಡದಲ್ಲಿ ಚಮಚಗಳು ನಿಂತವು.

“ಅಯ್ಯೋ, ಇಷ್ಟೊಂದು ಜನ ಎಲ್ಲಿದ್ರು?” ಎಂದು ಒಬ್ಬಾಕೆ ಕೇಳಿದಳು.

“ಸಾಹೇಬ್ರೆ!” ಗಿಡ್ಡಿ ದಿಬ್ಬದ ಮೇಲಿಂದ ಕೂಗಿದಳು. “ನೋಡಿ, ಇದು ನಮ್ಮನೆ! ಇಗೋ ಅವನ ಚಾಪೆ! ಇಲ್ಲಿ ಮಲಗಿದ್ದ!”

ಸಾಹೇಬ ಎದ್ದು ಕಂಬಿಯ ಹತ್ತಿರ ಬಂದ. ನೋಡಿದ. ಅವಳನ್ನು, ಚಾಪೆಯನ್ನು, ಒಂದೊಂದೇ ಗುಡಿಸಲನ್ನು ನೋಡಿದ. ನೋಡಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಬಾಯೊಳಗಿದ್ದದ್ದನ್ನು ನುಂಗಿದ. ಮೇನೇಜರನ ಕಡೆ ತಿರುಗಿದ.

“ಬಲೆ ಮತ್ತೆ ಮೇಲೆ ಕಟ್ಟಿಸ್ರೀ,” ಎಂದ. ಹೋಗಿ ತಟ್ಟೆಯ ಮುಂದೆ ಕೂತ.

ಮೇನೇಜರ್ ಮೇಸ್ತ್ರಿಗೆ ಕೈಸನ್ನೆ ಮಾಡಿದ. ಮೇಸ್ತ್ರಿ ಗಂಡಸರಿಗೆ ಹೇಳಿದ. ಗಂಡಸರು ಎದ್ದು ಗಳ ಹಿಡಿದರು. ಒಬ್ಬ ಕತ್ತರಿಸಿದ ಹಗ್ಗಕ್ಕೆ ಹಗ್ಗ ಗಂಟು ಹಾಕತೊಡಗಿದ.

*

ಗಿಡ್ಡಿ ಒಗೆಯುವ ಕಟ್ಟೆಗೆ ಇಳಿದಳು. ಗಂಡನ ಮೇಲಿನ ಬಲೆಯ ತುಂಡನ್ನು ಕಿತ್ತು ಚರಂಡಿಗೆ ಎಸೆದಳು. ತಂತಿಯ ಮೇಲೆ ಒಣಗಿದ್ದ ಶೀಟುಗಳಲ್ಲಿ ಕಲೆಯಿಲ್ಲದ್ದನ್ನು ಆರಿಸಿ ಹೊದಿಸಿದಳು. ಮುಖ ಮುಚ್ಚಲಿಲ್ಲ.

“ಏಯ್, ಗೆಸ್ಟ್ ಶೀಟು ಅದು!” ಮೇನೇಜರ್ ಓಡಿಬಂದ.

“ಒಗೆದೋಳು ನಾನು,” ಎಂದಳು.

“ಹಿಂದಿನ ದಾರೀಲಿ ಹೋಗು. ಮುಂದಿನದು ಗೆಸ್ಟುಗಳದ್ದು. ಕೇಳಿಸ್ತಾ? ಇವತ್ತು ಹೋದ್ರೆ ಮತ್ತೆ ಈ ಕಡೆ ತಲೆ ಹಾಕ್ಬೇಡ.”

ಅವಳು ಕೈಗಾಡಿಯ ಹಿಡಿಗಳನ್ನು ಹಿಡಿದು ವರಾಂಡದ ಮುಂದಿನ ಜಲ್ಲಿ ದಾರಿಗೆ ತಿರುಗಿಸಿದಳು. ಅತ್ತೆ ದಿಬ್ಬದ ಬುಡದ ತನಕ ಬಂದು ನಿಂತಿದ್ದಳು.

“ಬಾ ಅತ್ತೆ.”

ಅತ್ತೆ ಮಗನನ್ನು ನೋಡಿದಳು. ಬಲೆ ಎತ್ತುತ್ತಿದ್ದ ತಮ್ಮನನ್ನು ನೋಡಿದಳು. “ಸಂಜೆಗೆ ಬಂದ್ಬಿಡೇ,” ಎಂದಳು. “ಊಟ ತೆಗೆದಿಟ್ಟಿರ್ತೀನಿ.”

ಗಿಡ್ಡಿ ತಳ್ಳಿದಳು. ಗೇಟಿನಿಂದ ಹೊಸ ಗೆಸ್ಟುಗಳ ಜೀಪು ಒಳಗೆ ಬರುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದ. ಅವಳು ದಾರಿಯ ನಡುವಿನಿಂದ ಕದಲಲಿಲ್ಲ. ಜೀಪು ಗೇಟಿನಾಚೆಗೆ ಹಿಂದಕ್ಕೆ ಹೋಗಿ ಜಾಗ ಬಿಟ್ಟಿತು. ತಿರುವಿನಲ್ಲಿ ಜಲ್ಲಿಗೆ ಗಾಲಿ ಸಿಕ್ಕಿ ಗಾಡಿ ವಾಲಿತು. ಅವಳು ನಿಂತು, ಗಾಡಿಯಾಚೆ ಜೋಲುತ್ತಿದ್ದ ಅವನ ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗೆ ಸೇರಿಸಿ, ಶೀಟಿನ ಚುಂಗನ್ನು ಅಡಿಗೆ ಸಿಕ್ಕಿಸಿ, ಮತ್ತೆ ತಳ್ಳಿದಳು.

ಸಂಜೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.