ಮೂರನೆಯ ಚೌಕ

ಮ್ಯೂಸಿಯಂ ಬಾಗಿಲಲ್ಲೇ ಟೀಚರಮ್ಮನಿಗೆ ಗುಡುಗಮ್ಮ ಎದುರಾದಳು. ಆಳೆತ್ತರದ ರಟ್ಟಿನ ಬೊಂಬೆ. ಸೊಂಟದ ಮೇಲೆ ಕೈ, ಬಾಯಿ ಬಾವಿಯಷ್ಟು ಅಗಲ. ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಟೀಚರಮ್ಮ ಮುಖ ತಿರುಗಿಸಿಕೊಂಡು ಒಳಗೆ ನಡೆದರು. ಆದರೆ ಬೊಂಬೆಯದೂ ತಮ್ಮದೂ ಒಂದೇ ಮೂಗು, ಅದನ್ನು ಎಲ್ಲಿ ಬಚ್ಚಿಡುವುದು?

ಇವತ್ತು ಇಲ್ಲಿ ಕಾಮಿಕ್ಸ್ ದಿನ. ಒಂದು ಕೋಣೆಯಲ್ಲಿ ಮಕ್ಕಳು ನೆಲದ ಮೇಲೆ ಬೋರಲು ಬಿದ್ದು ಚಿತ್ರ ಬರೆಯುತ್ತಿದ್ದರು. ಇನ್ನೊಂದರಲ್ಲಿ ಚಿತ್ರಕಾರರು ಸಾಲಾಗಿ ಕುಳಿತು ಬಂದವರ ಮುಖಗಳನ್ನು ಚೆನ್ನಾಗಿ ಅಂದಗೆಡಿಸಿ ಕೊಡುತ್ತಿದ್ದರು. ಒಳಗಿನ ದೊಡ್ಡ ಹಜಾರ ಪೂರ್ತಿ ಟೀಚರಮ್ಮನ ಯಜಮಾನರಿಗೆ ಮೀಸಲು. ಅವರು ತೀರಿಕೊಂಡು ವರ್ಷ ತುಂಬಿತ್ತು. ಬದುಕಿರುವಷ್ಟು ಕಾಲ ಪೇಪರಿನ ಕೊನೆಯ ಪುಟಕ್ಕೆ ದಿನಾ ಮೂರು ಚೌಕದ ಚಿತ್ರ ಬರೆದವರು. ಮೊದಲ ಎರಡು ಚೌಕದಲ್ಲಿ ಗುಡುಗಮ್ಮನ ಆರ್ಭಟ, ಮೂರನೆಯದರಲ್ಲಿ ಅವಳ ಗಂಡ ತೆಪ್ಪಣ್ಣನ ಒಂದೇ ಒಂದು ಮಾತು. ಆ ಒಂದು ಮಾತಿಗಾಗಿ ಊರಿಗೆ ಊರೇ ಬೆಳಗಾಗುವುದನ್ನು ಕಾಯುತ್ತಿತ್ತು.

ಟೀಚರಮ್ಮ ಕಾಯುತ್ತಿರಲಿಲ್ಲ. ಚಿತ್ರ ಶುರುವಾದ ಹೊಸತರಲ್ಲಿ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದ್ದರು. ಗುಡುಗಮ್ಮ ಆಡಿದ್ದು ಮೊನ್ನೆ ಮನೆಯಲ್ಲಿ ತಾವೇ ಆಡಿದ್ದ ಮಾತು, ಒಂದಕ್ಷರ ಆಚೀಚೆ ಇಲ್ಲ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ವಾರದೊಳಗೆ ಶಾಲೆಯ ಮಕ್ಕಳ ಬಾಯಲ್ಲೂ ಅವರಿಗೆ ಅದೇ ಹೆಸರು. ಅವತ್ತಿನಿಂದ ಕೊನೆಯ ಪುಟವನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಹಾಗಂತ ಗಂಡನಿಗೆ ಹೇಳಲೂ ಇಲ್ಲ. ಹಟ ಎಂದರೆ ಹಟ.

ಯಜಮಾನರಾದರೋ ಮನೆಯಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರಿಹೋಗುತ್ತದೋ ಎಂಬಂತೆ. ಏನು ಕೇಳಿದರೂ ಪೆನ್ಸಿಲು ಹೆರೆಯುತ್ತ ಕೂರುವ ಆಸಾಮಿ. "ಊಟ ಆಯ್ತಾ" ಎಂದರೆ ಅವತ್ತಿಗೆ ಅದೇ ಭಾಷಣ.

ಒಂದು ಬೇಸಿಗೆ ರಜೆಯಲ್ಲಿ ಟೀಚರಮ್ಮನಿಗೆ ತಡೆಯಲಾಗಲಿಲ್ಲ. "ನಾನು ಈ ಮನೇಲಿ ಇಲ್ದಿದ್ರೆ ನಿಮಗೆ ಏನಾದ್ರೂ ವ್ಯತ್ಯಾಸ ಆಗುತ್ತಾ?" ಎಂದು ಕೇಳಿಯೇಬಿಟ್ಟರು. ಯಜಮಾನರು ಪೆನ್ಸಿಲು ಹೆರೆದರು. ಟೀಚರಮ್ಮ ಬಟ್ಟೆಬರೆ ತುಂಬಿಕೊಂಡು ಅಕ್ಕನ ಮನೆಗೆ ಹೋದರು.

ರಜೆ ಮುಗಿಯುವವರೆಗೂ ಅಲ್ಲೇ ಇದ್ದರು. ಒಂದು ಫೋನಿಲ್ಲ, ಬಾ ಎಂಬ ಮಾತಿಲ್ಲ. ಅಕ್ಕ ಒಂದೆರಡು ಸಲ ಪೇಪರು ಮಡಿಸಿ, ಕೊನೆಯ ಪುಟ ಕಾಣುವಂತೆ ಮುಂದಿಟ್ಟು, "ಒಂದ್ಸಲ ನೋಡೇ ಮಾರಾಯ್ತಿ" ಎಂದಳು. ಟೀಚರಮ್ಮ ಅದರ ಮೇಲೇ ಬಟಾಣಿ ಸುಲಿದರು. ನಾಳೆ ಶಾಲೆ ಶುರು ಎನ್ನುವಾಗ ತಾವಾಗಿಯೇ ವಾಪಸಾದರು. ಆ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ. ಉತ್ತರ ಗೊತ್ತಾಯಿತಲ್ಲ ಎಂದುಕೊಂಡರು.

ಗೊತ್ತಾಯಿತು ಎಂದುಕೊಂಡರೂ ಅದು ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಉಳಿಯಿತು. ಈಗಂತೂ ಮನೆಯಲ್ಲಿ ಪೆನ್ಸಿಲು ಹೆರೆಯುವ ಸದ್ದೂ ಇಲ್ಲ. ಟಿವಿ ಹಾಕಿ, ಅದಕ್ಕೆ ಬೆನ್ನು ಮಾಡಿ ಊಟ ಮಾಡುತ್ತಾರೆ. ಹೊರಗೆ ನಾಲ್ಕು ಜನರ ಜೊತೆ ನಗುತ್ತಿದ್ದರಂತಲ್ಲ ಈ ಮನುಷ್ಯ, ಅವರಲ್ಲಿ ಯಾರ ಹತ್ತಿರವಾದರೂ ನನ್ನ ವಿಷಯ ಎತ್ತಿದ್ದರೇ? ನಾನು ಅವರಿಗೆ ಬೇಕಾಗಿದ್ದೆನೇ? ಅಷ್ಟು ತಿಳಿದರೆ ಸಾಕು ಎಂದೇ ಟೀಚರಮ್ಮ ಇಲ್ಲಿಗೆ ಬರಲು ಒಪ್ಪಿದ್ದು.

ಯಜಮಾನರ ಗೆಳೆಯರೂ ಪೇಪರಿನ ಹಳೆಯ ಸಂಪಾದಕರೂ ಆದ ಮುದುಕರೊಬ್ಬರು ಕೋಲೂರಿಕೊಂಡು ಬಂದರು. "ಬನ್ನಿ ಅತ್ತಿಗೆ, ನಿಮ್ಮ ಗೋಡೆ ತೋರಿಸ್ತೀನಿ."

"ನನ್ನ ಗೋಡೆನಾ?"

"ಮತ್ತಿನ್ಯಾರದು? ನೀವು ಅಕ್ಕನ ಮನೆಗೆ ಹೋಗಿದ್ರಲ್ಲ, ಆವಾಗಿನ ಚಿತ್ರಗಳು."

ಗೋಡೆಯ ಉದ್ದಕ್ಕೂ ಆ ರಜೆಯ ಚಿತ್ರಗಳಿದ್ದವು. ಗುಡುಗಮ್ಮ ಒಂದರಲ್ಲೂ ಇರಲಿಲ್ಲ. ಮೊದಲ ಚಿತ್ರದ ಮೊದಲ ಚೌಕದಲ್ಲಿ ಅಡುಗೆಮನೆಯ ಖಾಲಿ ಕುರ್ಚಿ. ಎರಡನೆಯದರಲ್ಲೂ ಅದೇ ಕುರ್ಚಿ. ಮೂರನೆಯದರಲ್ಲಿ ತೆಪ್ಪಣ್ಣ ಕುರ್ಚಿಯ ಕಡೆ ನೋಡಿಕೊಂಡು, "ಆಗುತ್ತೆ ಕಣೇ" ಎನ್ನುತ್ತಿದ್ದ.

"ಏನಾಗುತ್ತೆ ಅಂತ ನಮಗ್ಯಾರಿಗೂ ತಿಳೀಲಿಲ್ಲ," ಸಂಪಾದಕರು ನಕ್ಕರು. "ಕೇಳಿದ್ರೆ, ಅವಳಿಗೆ ತಿಳಿಯುತ್ತೆ ಬಿಡು ಅಂದ."

ಟೀಚರಮ್ಮನಿಗೆ ಈಗ ತಿಳಿಯಿತು; ವ್ಯತ್ಯಾಸ ಆಗುತ್ತಾ ಎಂದು ಕೇಳಿದ್ದು ತಾವೇ. ಗೋಡೆಯ ಮುಂದಿನ ಕಂಬಿ ಹಿಡಿದುಕೊಂಡು ಮುಂದಕ್ಕೆ ಸರಿದರು. ಕುರ್ಚಿ, ಕುರ್ಚಿ, "ಉಪ್ಪು ಎಲ್ಲಿಟ್ಟಿದ್ದೀಯ? ಹೇಳ್ಬೇಡ, ನೀನೇ ಬಂದು ಕೊಡು." ಕುರ್ಚಿ, ಕುರ್ಚಿ, "ಇವತ್ತೂ ಯಾರೂ ಬೈಲಿಲ್ಲ. ನಿದ್ದೆ ಬರ್ತಿಲ್ಲ." ಕೊನೆಯದರಲ್ಲಿ ತೆಪ್ಪಣ್ಣ ತಲೆ ತಗ್ಗಿಸಿ ನಿಂತಿದ್ದ. "ತಪ್ಪಾಯ್ತು, ಬಾರೇ."

"ದಿನಾ ಆಫೀಸಿಗೆ ಬಂದು, ನೋಡಿರ್ತಾಳೆ, ಇವತ್ತು ಬರ್ತಾಳೆ ಅಂತಿದ್ದ," ಎಂದರು ಸಂಪಾದಕರು. "ಬಾಯಿ ಬಿಟ್ಟು ಕರೀಬಾರ್ದೇನೋ ಅಂದ್ರೆ, ಇಡೀ ಊರಿಗೆ ಕೇಳೋ ಹಾಗೆ ಕರೀತಿದ್ದೀನಲ್ಲೋ ಅನ್ನೋನು. ನೀವು ಬಂದ ಮಾರನೇ ದಿನ ಆಫೀಸಿಗೆಲ್ಲ ಸಿಹಿ ಹಂಚಿದ. ಓದಿ ಬಂದ್ಳು ಕಣೋ ಅಂತ. ಸಾಯೋವರೆಗೂ ಅದನ್ನೇ ಹೇಳ್ಕೊಂಡು ತಿರುಗಿದ."

ಟೀಚರಮ್ಮನಿಗೆ ಮೊದಲು ಬಂದದ್ದು ಕೋಪ. ಅಯ್ಯೋ ಪುಣ್ಯಾತ್ಮ, ಊರಿಗೆಲ್ಲ ಹೇಳಿದ್ದನ್ನು ಪಕ್ಕದಲ್ಲಿ ಕೂತವಳಿಗೆ ಹೇಳಲು ಏನು ಧಾಡಿಯಾಗಿತ್ತು? ಕೋಪದ ಬೆನ್ನಿಗೇ ಬಟಾಣಿ ಸುಲಿದ ಪೇಪರು ನೆನಪಾಯಿತು. ಟೀಚರಮ್ಮ ಗಂಡನಿಗೆ ಬೇಕಾದವರೇ ಆಗಿದ್ದರು. ಆ ಸುಖವನ್ನು ಒಂದು ದಿನವೂ ಅನುಭವಿಸದೆ ಸಂಸಾರ ಮುಗಿದುಹೋಗಿತ್ತು.

ಅಷ್ಟರಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಮ್ಯೂಸಿಯಂ ಹುಡುಗಿ ಅವರ ಕೈ ಹಿಡಿದು, ಅದೇ ಗೋಡೆಯ ಮುಂದಿನ ವೇದಿಕೆಗೆ ಹತ್ತಿಸಿದಳು. "ನಿಮ್ಮೆಲ್ಲರ ಮುಂದೆ, ಸಾಕ್ಷಾತ್ ಗುಡುಗಮ್ಮ!" ಎಂದಳು. ಹಜಾರ ಚಪ್ಪಾಳೆಯಿಂದ ತುಂಬಿಹೋಯಿತು. "ಮೇಡಂ, ನಾವೆಲ್ಲ ಚಿಕ್ಕವರಿದ್ದಾಗಿಂದ ಕೇಳ್ಬೇಕು ಅಂತಿದ್ವಿ. ಈ ಚಿತ್ರಗಳನ್ನ ಓದಿ ಅವತ್ತು ನೀವೇನಂದ್ರಿ?"

ಟೀಚರಮ್ಮ ಮೈಕು ಹಿಡಿದರು. "ನಾನು ಓದಲಿಲ್ಲ."

ಸಭೆ ಗೊಳ್ಳೆಂದು ನಕ್ಕಿತು.

"ನಿಜವಾಗ್ಲೂ ಓದಿರಲಿಲ್ಲ. ಇವತ್ತೇ ನೋಡಿದ್ದು."

ನಗು ಇನ್ನೂ ಜೋರಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. "ಗುಡುಗಮ್ಮ ಅಂದ್ರೆ ಗುಡುಗಮ್ಮನೇ!" ಎಂದು ಇನ್ಯಾರೋ ಕೂಗಿದರು. ಮುಂದಿನ ಸಾಲಿನಲ್ಲಿದ್ದ ಸಂಪಾದಕರು ಮಾತ್ರ ನಗುವುದನ್ನು ನಿಲ್ಲಿಸಿ ಅವರ ಮುಖವನ್ನೇ ನೋಡುತ್ತಿದ್ದರು.

ನಗು ನಿಲ್ಲಲಿ ಎಂದು ಟೀಚರಮ್ಮ ಕಾದರು. ಅದು ನಿಲ್ಲಲಿಲ್ಲ. ಮೈಕನ್ನು ಹುಡುಗಿಯ ಕೈಗೆ ಕೊಟ್ಟು, ಸಭೆಗೆ ಬೆನ್ನು ಮಾಡಿ, ಕೊನೆಯ ಚಿತ್ರದಲ್ಲಿ ತಲೆ ತಗ್ಗಿಸಿ ನಿಂತಿದ್ದ ತೆಪ್ಪಣ್ಣನ ಹತ್ತಿರಕ್ಕೆ ಹೋದರು.

"ಓದಿರಲಿಲ್ಲ ರೀ," ಎಂದರು ಮೆಲ್ಲಗೆ. "ಶಾಲೆ ಶುರುವಾಗುತ್ತಲ್ಲ ಅಂತ ಬಂದೆ."